ಸತ್ತಿಯ ಹೆಂಗಸು ಬರೆದದ್ದು

ನನ್ನ ಅಕ್ಕನಿಗೆ ಓದಲು ಬರುವುದಿಲ್ಲ. ನನಗೂ ಬಹಳ ವರ್ಷ ಬರುತ್ತಿರಲಿಲ್ಲ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟು ಮೈಕ್ ಸೆಟ್ಟಿನ ಅಂಗಡಿಯಲ್ಲಿ ವಾಯರ್ ಸುತ್ತುವ ಕೆಲಸಕ್ಕೆ ಸೇರಿದವನು ನಾನು. ಮೂವತ್ನಾಲ್ಕನೆಯ ವಯಸ್ಸಿಗೆ ಹೊರಗಿನಿಂದ ಕಟ್ಟಿ ಹತ್ತನೆಯ ಪರೀಕ್ಷೆ ಪಾಸಾದೆ, ಅದೂ ಎರಡನೆಯ ಸಲಕ್ಕೆ. ಪಾಸಾದ ದಿನ ಅಕ್ಕ ನನ್ನ ಬಾಯಿಗೆ ಬೆಲ್ಲ ಹಾಕಿ ಹೇಳಿದಳು:

"ಇನ್ನ ನಮ್ಮ ಮನ್ಯಾಗ ಕಣ್ಣ ಬಂದಂಗ ಆತ ನೋಡ ತಮ್ಮಾ. ಇಷ್ಟ ದಿನಾ ಇಬ್ಬರೂ ಕುರುಡರ ಇದ್ವಿ."

ಅಂದಿನಿಂದ ಮನೆಯಲ್ಲಿ ಓದುವುದೆಲ್ಲ ನನ್ನ ಪಾಲಿಗೆ ಬಂತು. ಗ್ಯಾಸಿನ ಮೆಸೇಜು, ರೇಷನ್ ಅಂಗಡಿಯ ಬೋರ್ಡು, ಬಿ.ಪಿ. ಗುಳಿಗೆಯ ಮೇಲಿನ ಸಣ್ಣ ಅಕ್ಷರ, ಬಸ್ಸಿನ ಹಣೆಯ ಮೇಲಿನ ಊರು. ನಾನು ನಿಧಾನಕ್ಕೆ, ಅಕ್ಷರ ಕೂಡಿಸಿ ಓದುತ್ತಿದ್ದೆ. ಅವಳು ಬೀಡಿ ಕಟ್ಟುವ ಕೈ ನಿಲ್ಲಿಸಿ ಕೇಳುತ್ತಿದ್ದಳು. ನಾನು ಏನು ಹೇಳಿದೆನೋ ಅದೇ ಅಲ್ಲಿ ಬರೆದದ್ದು. ಅದಕ್ಕೆ ಮರುಮಾತು ಇರಲಿಲ್ಲ.

ನಾವು ಇರುವುದು ನಿಪ್ಪಾಣಿಯಲ್ಲಿ, ಮನೆಮನೆಗೂ ಬೀಡಿ ಕಟ್ಟುವ ಒಂದು ಓಣಿಯಲ್ಲಿ. ಅಕ್ಕನ ಗಂಡ ಲಾರಿ ಹತ್ತಿ ಕೊಲ್ಲಾಪುರದ ಕಡೆ ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ. ನನಗೆ ಮದುವೆ ಕೂಡಿಬರಲಿಲ್ಲ. ಹಾಗಾಗಿ ಮನೆಯಲ್ಲಿ ನಾವಿಬ್ಬರೇ. ಪಕ್ಕದ ಮನೆಯಲ್ಲಿ ಜಂಪರು ಹೊಲಿಯುವ ಒಬ್ಬ ಮುಸಲ್ಮಾನ ಹೆಂಗಸು ಇದ್ದಾಳೆ, ಓಣಿಗೆಲ್ಲ ಅವಳು ಬೂಬು. ಏಳನೆಯವರೆಗೆ ಕನ್ನಡ ಸಾಲಿ ಕಲಿತವಳು. ಬಾಯಿ ಜೋರು, ಮನಸ್ಸು ಮೆದು. ನಡುವಿನ ಗೋಡೆ ಎದೆಮಟ್ಟ ಅಷ್ಟೇ, ಆದ್ದರಿಂದ ನಮ್ಮ ಮನೆಯ ಮಾತು ಅವಳಿಗೆ ಕೇಳದೆ ಇರುವುದಿಲ್ಲ.

ಅಕ್ಕನಿಗೆ ಒಬ್ಬಳು ಮಗಳಿದ್ದಳು. ಐದು ವರ್ಷದವಳಿದ್ದಾಗ ಕಾಮಣಿ ಆಗಿ, ಮೈಯೆಲ್ಲ ಹಳದಿಯಾಗಿ ತೀರಿಹೋದಳು. ಆ ಕೂಸು ತಾಯಿಯ ಕೈತುತ್ತು ಒಮ್ಮೆಯೂ ತಿನ್ನಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ತಂಬಾಕು ಹಿಡಿದ ಬೆರಳು ಎಷ್ಟು ತೊಳೆದರೂ ಕಹಿ. ಅನ್ನ ಕಲಿಸಿ ಬಾಯಿಗೆ ಹಿಡಿದರೆ ಕೂಸು ಮುಖ ತಿರುಗಿಸುತ್ತಿತ್ತು. ಬೂಬು ಗೋಡೆಯ ಆಚೆಯಿಂದ ಕೈ ಚಾಚಿದರೆ ಗಪಗಪ ತಿನ್ನುತ್ತಿತ್ತು. ಹುಣಸೆಹಣ್ಣು ಮತ್ತು ಒಲೆಯ ಬೂದಿ ಕೂಡಿಸಿ ತಿಕ್ಕಿ, ಮೇಲೆ ಎಮ್ಮೆಯ ಬೆಣ್ಣೆ ಸವರಿದರೆ ಕಹಿ ಹೋಗುತ್ತದೆ ಎಂದು ಅಕ್ಕನಿಗೆ ಯಾರೋ ಮುದುಕಿ ಹೇಳಿಕೊಟ್ಟಳು. ಅಷ್ಟರಲ್ಲಿ ಕೂಸು ಹೋಗಿ ಎರಡು ತಿಂಗಳಾಗಿತ್ತು.

ಅಕ್ಕ ಹಾಡು ಕಟ್ಟುತ್ತಾಳೆ. ಬೀಡಿ ಸುತ್ತುತ್ತ, ಬಾಯಲ್ಲೇ, ತನ್ನಷ್ಟಕ್ಕೆ. ಮೈಕ್ ಹಾಕಲು ಹೋದಲ್ಲೆಲ್ಲ ಹಾಡು ಕೇಳಿ ಬೆಳೆದವನು ನಾನು. ಅವಳ ಹಾಡಿನಷ್ಟು ಹೊಟ್ಟೆಗೆ ಹತ್ತುವ ಹಾಡು ನಾನು ಬೇರೆ ಕೇಳಿಲ್ಲ.

*ಬೀಡಿ ಕಟ್ಟುವ ಕೈಯಿ ಕಹಿಯಾತ ನನ ಕೂಸ*
*ತುತ್ತಿಗಿ ಬಾಯಿ ತೆರಿಲಿಲ್ಲ, ನೆರಿಮನಿಯ*
*ಕೈಗಿ ಬಾಯ್ತೆರದಿ ನಗುನಗುತ*

ಒಂದು ದಿನ ಅಂಗಡಿಯ ಒಳ್ಳೆಯ ಮೈಕು ಮನೆಗೆ ತಂದು ಈ ಹಾಡನ್ನು ರೆಕಾರ್ಡಿಗೆ ಹಿಡಿದೆ. ಫೋನಿನಲ್ಲಿ ವಿಡಿಯೋ ತೆಗೆದೆ. ಮುಖ ಬೇಡವೆಂದಳು, ಕೈ ಮಾತ್ರ ತೆಗೆದೆ. ಕೈ ಬೀಡಿ ಸುತ್ತುತ್ತದೆ, ದನಿ ಹಾಡುತ್ತದೆ. ಒಂದು ಚಾನಲ್ ತೆರೆದು ಹಾಕಿದೆ.

ಹದಿನೈದು ದಿನಕ್ಕೆ ಹನ್ನೊಂದು ಜನ ನೋಡಿದ್ದರು. ಅದರಲ್ಲಿ ಏಳು ಸಲ ನಾನೇ.

"ಎಷ್ಟ ಮಂದಿ ಕೇಳಿದ್ರೊ?" ಅಕ್ಕ ದಿನಾ ಕೇಳುತ್ತಿದ್ದಳು.

"ಕೇಳಾಕತ್ತಾರ ಬೇ, ನಿಧಾನಕ್ಕ."

ಗೋಡೆಯ ಆಚೆಯಿಂದ ಬೂಬು, "ನಾ ಅಂತೂ ಪುಕಟ ಕೇಳಾಕತ್ತೇನಿ ಇಪ್ಪತ್ತ ವರ್ಷದಿಂದ. ನನ್ನ ಲೆಕ್ಕ ಹಿಡಿದ್ರಿಲ್ಲೊ?" ಎಂದು ನಗುತ್ತಿದ್ದಳು.

ಅಕ್ಕ ನಗಲಿಲ್ಲ. "ಚಲೋ ಇಲ್ಲೇನೊ ಹಾಡ," ಎಂದಳು. ಆ ವಾರ ಹಾಡುವುದು ಕಡಿಮೆಯಾಯಿತು. ಇಷ್ಟು ವರ್ಷ ಯಾರಿಗೂ ಅಲ್ಲದೆ ಹಾಡಿದವಳು, ಕೇಳುವವರಿದ್ದಾರೆ ಎಂದು ನಾನು ಆಸೆ ಹಚ್ಚಿದ ಮೇಲೆ, ಯಾರೂ ಇಲ್ಲವೆಂದು ಬಾಯಿ ಮುಚ್ಚತೊಡಗಿದಳು. ಆಸೆ ಹಚ್ಚಿದವನು ನಾನು. ಆದ್ದರಿಂದ ಏನಾದರೂ ಮಾಡಬೇಕಾದವನೂ ನಾನೇ ಎಂದುಕೊಂಡೆ.

ನಮ್ಮ ಕಡೆ ಭಜನೆಯಲ್ಲಿ ಹಾಡು ಮನಸ್ಸಿಗೆ ಬಂದರೆ ಕೇಳುವವರು ಎದ್ದು ಬಂದು ಹಾರ್ಮೋನಿಯಂ ಮೇಲೆ ಹತ್ತೋ ಇಪ್ಪತ್ತೋ ರೂಪಾಯಿಯ ನೋಟು ಇಡುತ್ತಾರೆ. ಇಟ್ಟವರ ಹೆಸರು ಮತ್ತು ಊರನ್ನು ಮೈಕಿನಲ್ಲಿ ಕೂಗಿ ಹೇಳಬೇಕು. ಕಷ್ಟವೆಲ್ಲ ಮೊದಲ ನೋಟಿನದು. ತಾನೇ ಮೊದಲು ಏಳಲು ಎಲ್ಲರಿಗೂ ನಾಚಿಕೆ. ಅದಕ್ಕೆ ಮೇಳದವರು ತಮ್ಮದೇ ಒಂದು ನೋಟನ್ನು ಮೈಕಿನವನ ಕೈಗೆ ಕೊಟ್ಟಿರುತ್ತಾರೆ. ಎರಡನೆಯ ಹಾಡಿಗೆ ಅವನು ಎದ್ದು ಹೋಗಿ ಇಡುತ್ತಾನೆ. ಆಮೇಲೆ ಒಬ್ಬೊಬ್ಬರೇ ಏಳುತ್ತಾರೆ. ಇಪ್ಪತ್ತು ವರ್ಷ ರಾಯಬಾಗ, ಹಾರೂಗೇರಿ, ಅಥಣಿ ಸುತ್ತಿನ ಊರುಗಳಲ್ಲಿ ಆ ಮೊದಲ ನೋಟು ಇಟ್ಟವನು ನಾನು. ಅದನ್ನು ಯಾರೂ ಮೋಸ ಅನ್ನುವುದಿಲ್ಲ. ಒಲೆ ಹೊತ್ತಿಸಲು ಊದಿದ ಹಾಗೆ ಅದು.

ಚಿಕ್ಕೋಡಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನೊಬ್ಬ ವ್ಯೂಸ್, ಅಂದರೆ ನೋಡಿದವರ ಅಂಕಿ, ಮಾರುತ್ತಾನೆ ಎಂದು ಕೇಳಿದಾಗ ನನಗೆ ನೆನಪಾದದ್ದು ಈ ನೋಟು. ಕಬ್ಬೂರಿನಲ್ಲಿ ಮೈಕ್ ಇಳಿಸಿ ಬರುವಾಗ ಅವನ ಅಂಗಡಿಗೆ ಹೋದೆ.

"ವ್ಯೂಸ್ ಬೇಕೇನ್ರಿ ಕಾಕಾ, ಲೈಕ್ ಬೇಕೇನ್ರಿ? ಪ್ಯಾಕೇಜ್ ತಗೋರಿ, ಕಮೆಂಟೂ ಕೂಡೇ ಬರ್ತಾವು. ಡ್ಯಾನ್ಸಿನವ್ರು, ಹಾಡಿನವ್ರು, ಎಲ್ಲಾರೂ ನನ್ನ ಕಡೇನ ತಗೊಂಡ ಹೋಗ್ತಾರ," ಎಂದ.

"ಯಾ ಕಡೀ ಮಂದಿ ಇರ್ತಾರ್ರಿ ಅವ್ರು?"

"ಎಲ್ಲಾ ಕಡೀದೂ ಇರ್ತಾವ."

"ಹಂಗಲ್ರಿ. ನಮಗ ಚಿಕ್ಕೋಡಿ, ಅಥಣಿ ಕಡೀದು ಬೇಕಾಗಿತ್ತು. ಹಾಡ ಕನ್ನಡದಾಗ ಐತಿ. ಅವ್ರಿಗಿ ತಿಳೀಬೇಕಲ್ರಿ."

ಅವನು ನಕ್ಕ ನಗೆಗೆ ರಿಪೇರಿಗೆ ಬಂದ ಇಬ್ಬರು ತಿರುಗಿ ನೋಡಿದರು. "ಕಾಕಾ, ಇದೇನ ಸಂತ್ಯಾಗಿನ ಬದನಿಕಾಯೇನ್ರಿ, ಯಾ ಹೊಲದ್ದು ಅಂತ ಕೇಳಾಕ? ಇಂಡಿಯಾದ್ದ ಬೇಕಂದ್ರ ತುಟ್ಟಿ ಬೀಳ್ತೈತಿ. ಹೊರಗಿಂದು ಸೋವಿ."

"ಅವ್ರು ಹಾಡ ಪೂರಾ ಕೇಳ್ತಾರಿಲ್ರಿ?"

"ಕೇಳಾಕ ಕಿವಿ ಇರಬೇಕಲ್ರಿ. ಅವು ಮಷೀನ. ನೀವು ಅಂಕಿ ನೋಡ್ರಿ ಅಷ್ಟ. ಅಂಕಿ ದೊಡ್ಡದಾತಂದ್ರ ಖರೇ ಮಂದಿ ತಾವ ಬರ್ತಾರ."

ಆ ಕೊನೆಯ ಮಾತು ಬರೋಬರಿ ನಮ್ಮ ಭಜನೆಯ ಮಾತೇ ಆಗಿತ್ತು. ಸೋವಿಯದೇ ತೆಗೆದುಕೊಂಡೆ.

ಮೂರು ದಿನದಲ್ಲಿ ಅಂಕಿ ನಲವತ್ತು ಸಾವಿರ ದಾಟಿತು. ಅಕ್ಕನಿಗೆ ತೋರಿಸಿದೆ.

"ಅಂದ್ರ ಎಷ್ಟ ಮಂದಿ ತಮ್ಮಾ? ನಿಪ್ಪಾಣಿ ಅಷ್ಟ?"

"ನಿಪ್ಪಾಣಿ ಅರ್ಧಕ್ಕಿಂತ ಹೆಚ್ಚ."

ಅವಳು ತಟ್ಟನೆ ಸೆರಗು ಎಳೆದು ತಲೆಗೆ ಹೊದ್ದಳು. "ಅಯ್ಯ ಶಿವನ, ಅಷ್ಟ ಮಂದಿ ಮುಂದ ಬರೇ ತಲೀಲೆ ಕುಂತ ಹಾಡೇನೇನೊ ನಾ?"

"ಮಾರಿ ಕಾಣೂದಿಲ್ಲ ಬೇ. ಕೈ ಅಷ್ಟ ಕಾಣ್ತಾವ."

"ಕೈ ಕಂಡ್ರ ಮಾರಿ ಕಂಡಂಗಲ್ಲೇನ," ಎಂದಳು. ಆದರೆ ಆ ದಿನ ಬಹಳ ವರ್ಷದ ಮೇಲೆ ಅವಳ ಮುಖ ತುಂಬಿತ್ತು. ಬೂಬುವಿಗೆ ಗೋಡೆಯ ಮೇಲಿಂದ ಚುರುಮುರಿ ಕೊಟ್ಟಳು. ಬೀಡಿ ಒಯ್ಯಲು ಬಂದವನಿಗೂ ಹೇಳಿದಳು. ನಾನು ತಪ್ಪು ಮಾಡಿದೆ ಎಂದು ನನಗೆ ಅನಿಸಲೇ ಇಲ್ಲ.

ಸಂಜೆ ಅವಳು ಬೀಡಿಯ ಎಲೆ ಕತ್ತರಿಸುತ್ತ ಕೇಳಿದಳು: "ಮಂದಿ ಬರದೂ ಕಳಸ್ತಾರಂತಲ್ಲ, ಬೂಬು ಹೇಳಿದ್ಲು. ಏನ ಬರದಾರ ಓದ."

ನಾನು ತೆಗೆದು ನೋಡಿದೆ. "ನೈಸ್ ಬ್ರೋ" ಎಂದು ಒಂದು. "ಸೂಪರ್ ಡ್ಯಾನ್ಸ್ ಸರ್" ಎಂದು ಇನ್ನೊಂದು. ಬೆಂಕಿಯ ಚಿತ್ರ ಐದಾರು. ಯಾವ ದೇಶದ್ದೋ ಅಕ್ಷರದಲ್ಲಿ ಒಂದು ಸಾಲು. ಮತ್ತೆ "ನೈಸ್ ಬ್ರೋ." ಹತ್ತನೆಯ ಪರೀಕ್ಷೆಯಲ್ಲಿ ಇಂಗ್ಲಿಷ್ ಪ್ರಶ್ನೆಪತ್ರಿಕೆ ನೋಡಿದ ಹಾಗೆ ಮೇಲಿಂದ ಕೆಳಗೆ ಮತ್ತೊಮ್ಮೆ ನೋಡಿದೆ.

"ಹಾಡ ಚಲೋ ಐತಿ ಅಂತ ಬರದಾರ," ಎಂದೆ.

"ಎಲ್ಲಾರೂ ಅಷ್ಟ ಬರದಾರ? ನಲವತ್ತ ಸಾವಿರ ಮಂದ್ಯಾಗ ಒಬ್ಬಾಕೀನರೆ ಬ್ಯಾರೆ ಮಾತ ಆಡಿಲ್ಲ?"

ಅವಳ ಕತ್ತರಿ ನಿಂತಿತ್ತು. ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಹಿಂದಿನ ವಾರ ಅಥಣಿಯ ಆಚೆ ಸತ್ತಿ ಎಂಬ ಊರಿನ ಒಂದು ಮದುವೆಗೆ ಮೈಕ್ ಹಾಕಿದ್ದೆ. ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವ ಹೆಂಗಸರು ಕೆಲಸ ಮುಗಿಸಿ ನೇರವಾಗಿ ಊಟಕ್ಕೆ ಬಂದಿದ್ದರು. ಅವರಲ್ಲಿ ಒಬ್ಬಳು ಕೂಸನ್ನು ಎತ್ತಿಕೊಳ್ಳುವ ಮುಂಚೆ ನಳದ ಕೆಳಗೆ ಕೈ ತೊಳೆದಳು, ಮೂಸಿ ನೋಡಿದಳು, ಮತ್ತೆ ತೊಳೆದಳು. ಅದು ಕಣ್ಣ ಮುಂದೆ ಬಂತು. ನಾನು ಫೋನ್ ಹಿಡಿದುಕೊಂಡು, ಅಕ್ಷರ ಕೂಡಿಸಿ ಓದುವವನ ಹಾಗೆಯೇ, ನಿಧಾನಕ್ಕೆ ಓದಿದೆ:

"ಅಕ್ಕಾ... ನಾ ಸತ್ತಿ ಊರಾಕಿ. ದ್ರಾಕ್ಷಿ ತ್ವಾಟದಾಗ ಔಷಧಿ ಹೊಡಿಯೂದು ನನ್ನ ಕೆಲಸ. ನನ್ನ ಕೂಸೂ... ನನ್ನ ಕೈ ತುತ್ತು ತಿನ್ನೂದಿಲ್ಲ. ನಿಮ್ಮ ಹಾಡ ಕೇಳಿ ಅತ್ತೆ."

ಅಕ್ಕ ಕತ್ತರಿ ಕೆಳಗಿಟ್ಟಳು. ಆಮೇಲೆ ಕೇಳಿದಳು, "ಹೆಸರ ಏನ ಐತಿ?"

"ಹೆಸರ ಹಾಕಿಲ್ಲ."

"ಹೆಂಗ ಹಾಕ್ತಾಳ ಪಾಪ. ಗಂಡನ ಫೋನ ಇರಬೇಕ." ಆಮೇಲೆ, "ಕೂಸು ಎಷ್ಟರದು?"

"ಸಣ್ಣದು. ವರ್ಷದ್ದೇನೊ."

ಅವಳು ಬೀಡಿ ಎಲೆಯ ಮೊರವನ್ನು ತೊಡೆಯ ಮೇಲಿಂದ ಪಕ್ಕಕ್ಕೆ ಇಟ್ಟಳು. ಕೆಲಸದ ನಡುವೆ ಅವಳು ಅದನ್ನು ಕೆಳಗಿಟ್ಟದ್ದು ನಾನು ಹಿಂದೆಂದೂ ನೋಡಿರಲಿಲ್ಲ. "ಬರಿ. ಈಗ ಬರಿ ಆಕೀಗಿ. ಹುಣಸಿಹಣ್ಣು, ಒಲಿ ಬೂದಿ, ಎಮ್ಮಿ ಬೆಣ್ಣಿ. ನನಗ ತಡಾ ಆತು. ಆಕೀಗಿ ಇನ್ನ ವ್ಯಾಳ್ಯಾ ಐತಿ."

ನನ್ನ ಟೈಪಿಂಗ್ ನಿಧಾನ. ಒಂದು ಬೆರಳಿನದು. ಅವಳು ಆ ಬೆರಳನ್ನೇ ನೋಡುತ್ತ ಕೂತಿದ್ದರಿಂದ ಸುಳ್ಳೇ ಒತ್ತಲು ಮನಸ್ಸಾಗಲಿಲ್ಲ. "ನೈಸ್ ಬ್ರೋ" ಎಂಬುದರ ಕೆಳಗೆ, ಅಕ್ಕ ಹೇಳಿದ ಹಾಗೆಯೇ ಎಲ್ಲ ಬರೆದೆ. ಬೂದಿ ಜರಡಿ ಹಿಡಿಯಬೇಕು. ಉಗುರಿನ ಸಂದಿ ಬಿಡಬಾರದು. ಬೆಣ್ಣೆ ಆಕಳದ್ದು ನಡೆಯುವುದಿಲ್ಲ. ಅದು ಇವತ್ತಿಗೂ ಅಲ್ಲಿ ಇದೆ. ಯಾವ ಮಷೀನಿಗೆ ಬರೆದೆನೋ ನನಗೆ ಗೊತ್ತಿಲ್ಲ.

ಮರುದಿನದಿಂದ ಒಂದೇ ಪ್ರಶ್ನೆ. "ಆಕಿ ಏನಂದ್ಲು?"

ಎರಡು ದಿನ "ಇನ್ನ ನೋಡಿಲ್ಲ" ಎಂದೆ. "ತ್ವಾಟದ ಕೆಲಸ ಇರಬೇಕ," ಎಂದು ಅವಳೇ ಸಮಾಧಾನ ಹೇಳಿಕೊಂಡಳು. ಐದನೆಯ ದಿನ ಅವಳ ಮುಖ ನೋಡಲಾಗದೆ ಓದಿದೆ: "ಮಾಡಿ ನೋಡ್ತೀನಿ ಅಕ್ಕಾ." ಆ ಸಂಜೆಯೇ ಅವಳು ಹೊಸ ಹಾಡು ಕಟ್ಟಿದಳು.

*ಹುಣಸಿ ಬೂದಿಯ ಹಚ್ಚಿ ತಿಕ್ಕವ್ವ ಅಂಗೈಯ*
*ಮ್ಯಾಲ ಬೆಣ್ಣೀಯ ಸವರವ್ವ, ಸತ್ತೀಯ*
*ತಂಗಿ ನಿನ ಕೂಸು ಉಣತೈತಿ*

ಮೊದಲ ಹಾಡಿಗಿಂತ ಇದು ದೊಡ್ಡ ಹಾಡು. ಇದರಲ್ಲಿ ಅಳು ಇರಲಿಲ್ಲ. ಯಾರಿಗೋ ಕೈ ಚಾಚಿ ಹಾಡಿದ್ದು ಅದು. ಹಿಡಿದು, ಚಾನಲ್ಲಿಗೆ ಹಾಕಿದೆ. ಪ್ಯಾಕೇಜ್ ಕೊಳ್ಳಲಿಲ್ಲ. ಮೊದಲ ನೋಟು ಇಟ್ಟಾಗಿತ್ತು, ಇನ್ನು ಜನ ತಾವೇ ಏಳಬೇಕು ಎಂದು ಕಾದೆ. ಒಂಬತ್ತು ಜನ ನೋಡಿದರು.

"ಸತ್ತ್ಯಾಕಿ ಕೇಳಿದ್ಲೇನ?"

ಸುಳ್ಳನ್ನು ಹೇಗಾದರೂ ಮುಗಿಸಬೇಕೆಂದು ಅನಿಸಿತು. ಖರೆ ಹೇಳುವ ಧೈರ್ಯ ಬರಲಿಲ್ಲ. ಆ ಹೆಂಗಸನ್ನು ಮೆಲ್ಲಗೆ ದೂರ ಕಳಿಸಿಬಿಟ್ಟರಾಯಿತು ಎಂದು, "ಆಕಿ ಈಗ ಬರಿಯೂದ ಬಿಟ್ಟಾಳ ಬೇ," ಎಂದೆ.

"ಯಾಕ?"

"ಯಾರಿಗ್ಗೊತ್ತು."

ಇಷ್ಟು ಹೇಳಿದರೆ ಮುಗಿಯುತ್ತದೆ ಎಂದುಕೊಂಡದ್ದು ನನ್ನ ತಪ್ಪು. ಅವಳು ನನ್ನ ಅಕ್ಕ. ಕೂಸನ್ನು ಕಳೆದುಕೊಂಡವಳು. ಬರೆಯುವುದು ನಿಂತಿತು ಎಂದರೆ ಅವಳಿಗೆ ತಿಳಿಯುವುದು ಒಂದೇ.

"ಕೂಸಿಗೇನರೆ ಆಗಿರಬೇಕ," ಎಂದಳು.

ಮರುದಿನ ನಾನು ಕಾಗವಾಡಕ್ಕೆ ಎರಡು ದಿನದ ಕೆಲಸಕ್ಕೆ ಹೋದೆ. ತಿರುಗಿ ಬಂದಾಗ ಬಾಗಿಲಿಗೆ ಕೀಲಿ. ಬೂಬು ಗೋಡೆಯ ಮೇಲಿಂದ ಕೀಲಿಕೈ ಕೊಟ್ಟಳು.

"ನಿನ್ನಿ ಮುಂಜಾನೆ ಸತ್ತಿಗಿ ಹೋದ್ಲು. ಬೆಣ್ಣಿ ಡಬ್ಬಿ ಕಟಗೊಂಡ. ಒಬ್ಬಾಕೀನ ಹೆಂಗ ಹೋಗ್ತಿ, ಬೋರ್ಡ ಓದಾಕ ಬರೂದಿಲ್ಲ ಅಂದ್ನಿ. ಬಾಯಿ ಐತೆಲ್ಲ, ಕೇಳ್ತೇನಿ ಅಂದ್ಲು."

ಚಿಕ್ಕೋಡಿಯಲ್ಲಿ ಇಳಿಯಬೇಕು, ಅಥಣಿಯಲ್ಲಿ ಇಳಿಯಬೇಕು, ಅಲ್ಲಿಂದ ಸತ್ತಿ. ನಾನಿಲ್ಲದೆ ಅವಳು ಒಂದು ಬಸ್ಸೂ ಹತ್ತಿದವಳಲ್ಲ. ಅವಳ ಹಿಂದೆ ಹೋಗಬೇಕೆಂದು ಸ್ಟ್ಯಾಂಡಿಗೆ ಹೋದೆ. ಹೋಗಿ ಏನು ಹೇಳುವುದು ಎಂದು ತಿಳಿಯದೆ ಅಲ್ಲೇ ಸಿಮೆಂಟ್ ಕಟ್ಟೆಯ ಮೇಲೆ ಕೂತೆ. ಚಿಕ್ಕೋಡಿಯಿಂದ ಬಸ್ಸುಗಳು ಬಂದವು, ಹೋದವು. ಮಧ್ಯಾಹ್ನ ಮೂರರ ಸುಮಾರಿಗೆ ಒಂದರಿಂದ ಅವಳು ಇಳಿದಳು. ಕಾಲಿಗೆ ಮೊಣಕಾಲಿನವರೆಗೆ ಕರಿಮಣ್ಣಿನ ಧೂಳು. ನನ್ನನ್ನು ನೋಡಿ ನಿಂತಳು.

"ಭೆಟ್ಟಿ ಆದ್ಲು," ಎಂದಳು.

ನಾನು ಕಟ್ಟೆಯಿಂದ ಎದ್ದೆ.

"ಕೂಸು ಚಂದ ಐತಿ. ಈಗ ತಾಯಿ ಕೈಲೇ ಉಣ್ತೈತಿ. ಫೋನ ಕೆಟ್ಟಿತ್ತಂತ, ಅದಕ್ಕ ಬರದಿಲ್ಲ."

ಅವಳ ಕೈಯಲ್ಲಿದ್ದ ಚೀಲವನ್ನು ನಾನು ಇಸಿದುಕೊಂಡೆ. ಬಟ್ಟೆಗೆ ಜಿಡ್ಡು ಹತ್ತಿತ್ತು. ಬಿಸಿಲಿಗೆ ಕರಗಿದ ಬೆಣ್ಣೆ ಡಬ್ಬಿಯಿಂದ ಸೋರಿ, ಬೂದಿಯ ಪುಡಿಕೆಗೆ ಹತ್ತಿ, ಹುಣಸೆಹಣ್ಣಿನ ಉಂಡೆಗೂ ಹತ್ತಿತ್ತು. ಯಾವುದನ್ನೂ ಬಿಚ್ಚಿ ಬಳಸಿದ ಗುರುತು ಇರಲಿಲ್ಲ. ಅವಳು ಮುಂದೆ ನಡೆದಳು.

ಎರಡು ದಿನ ಬಿಟ್ಟು ಬೂಬು ನನ್ನನ್ನು ಕರೆದಳು. ಮಷೀನು ತುಳಿಯುವುದು ನಿಲ್ಲಿಸಿ, ಎಂದಿಲ್ಲದ ಸಣ್ಣ ದನಿಯಲ್ಲಿ ಹೇಳಿದಳು.

"ನಿಮ್ಮಕ್ಕ ಬಂದ ದಿನಾ ಸಂಜೀಕ ನನ್ನ ಕಡೆ ಬಂದಿದ್ಲು. ನಿನ್ನ ಫೋನಿನ್ಯಾಗ ಹಾಡ ತಗಿ ಬೂಬು, ಕೆಳಗ ಬರದದ್ದ ಎಲ್ಲಾ ಓದ ಅಂದ್ಲು. ನನಗೇನ ಗೊತ್ತೊ ಭಾಯಿ? ಓದಿದೆ. ಎಲ್ಲಾ ಓದಿದೆ."

"ಏನಂದ್ಲು?"

"ಬ್ರೋ ಅಂದ್ರ ಏನ ಅಂತ ಕೇಳಿದ್ಲು. ತಮ್ಮಾ ಅಂದಂಗ ಅಂದ್ನಿ."

ಸತ್ತಿಯಲ್ಲಿ ಅವಳು ಹೇಗೆ ಹುಡುಕಿದಳೆಂದು ಬೂಬುವಿಗೂ ಪೂರಾ ಹೇಳಿಲ್ಲ. ತಾಯಿ ಕೈತುತ್ತು ತಿನ್ನದ ಕೂಸು ಯಾರ ಮನೆಯಲ್ಲಿದೆ ಎಂದು ಮನೆಮನೆ ಕೇಳಿದ್ದಾಳೆ. ಕೂಸು ಕದಿಯುವವಳಿರಬೇಕೆಂದು ಒಂದು ಓಣಿಯಲ್ಲಿ ಗಂಡಸರು ತಡೆದು ನಿಲ್ಲಿಸಿದ್ದರಂತೆ. ರಾತ್ರಿ ಗುಡಿಯ ಕಟ್ಟೆಯ ಮೇಲೆ ಕಳೆದಿದ್ದಾಳೆ. ಇಷ್ಟೇ ಗೊತ್ತು. ನನ್ನ ಮುಂದೆ ಮಾತ್ರ ಆ ಹೆಂಗಸು ಭೆಟ್ಟಿಯಾದಳು, ಕೂಸು ಚಂದ ಇದೆ ಎಂದೇ ಹೇಳುತ್ತಾಳೆ. ನಾನು ಹೇಳಿದ ಸುಳ್ಳನ್ನು ನನಗಾಗಿ ಅವಳೇ ಮುಗಿಸಿಕೊಟ್ಟಳು.

ಒಂದು ತಿಂಗಳಿಗೆ ಅಂಕಿ ತಾನೇ ಇಳಿಯಿತು. ನಲವತ್ತು ಸಾವಿರ ಹೋಗಿ ಇನ್ನೂರು ಚಿಲ್ಲರೆ ಉಳಿಯಿತು. ಚಿಕ್ಕೋಡಿಯವನಿಗೆ ಫೋನ್ ಮಾಡಿದರೆ, "ಸುಳ್ಳ ವ್ಯೂಸ್ ಅವ್ರು ಕಿತ್ತ ಹಾಕ್ತಾರ್ರಿ ಕಾಕಾ. ಅದಕ್ಕ ಚಿಂತಿ ಬ್ಯಾಡ, ಪುಕಟ ಮತ್ತ ತುಂಬಿಕೊಡ್ತೇನಿ," ಎಂದ. ಬೇಡವೆಂದೆ. ಅಕ್ಕ ಅಂಕಿ ಕೇಳುವುದನ್ನು ಅಷ್ಟರಲ್ಲಿ ಬಿಟ್ಟಿದ್ದಳು. ಹಾಡುವುದನ್ನೂ ಬಿಟ್ಟಿದ್ದಳು. ಬೀಡಿಯ ಎಲೆ ಕತ್ತರಿಸುವ ಸದ್ದು ಇಷ್ಟು ಜೋರು ಇರುತ್ತದೆಂದು ನನಗೆ ಮುಂಚೆ ಗೊತ್ತಿರಲಿಲ್ಲ.

ನನ್ನೊಂದಿಗೆ ಮಾತು ಬಿಟ್ಟಿಲ್ಲ. ರೊಟ್ಟಿ ಬಡಿದು ಹಾಕುತ್ತಾಳೆ. ಕಾಗವಾಡದ ಬಿಲ್ಲು ಬಂತೇನು ಎಂದು ಕೇಳುತ್ತಾಳೆ. ಆದರೆ ಓದುವ ಕೆಲಸ ನನಗೆ ಇಲ್ಲ. ಫೋನಿಗೆ ಮೆಸೇಜು ಬಂದರೆ ಗೋಡೆಯ ಮೇಲಿಂದ ಬೂಬುವಿಗೆ ಕೊಡುತ್ತಾಳೆ. ಮೊನ್ನೆ ಡಾಕ್ಟರು ಗುಳಿಗೆ ಬದಲಿಸಿದರು. ನಾನು ಪಕ್ಕದಲ್ಲೇ ಕೂತಿದ್ದೆ, ಕನ್ನಡಕ ಹಾಕಿಕೊಂಡು. ಅವಳು ಗುಳಿಗೆಯ ಹಾಳೆ ಹಿಡಿದು ಎದ್ದು, ನನ್ನನ್ನು ದಾಟಿ, ಗೋಡೆಯ ಹತ್ತಿರ ಹೋಗಿ, "ಬೂಬು, ಇದ ಮುಂಜಾನೀದೊ ಸಂಜೀದೊ ನೋಡವಾ," ಎಂದಳು.

ಇಲ್ಲಿಯವರೆಗಿನದನ್ನು ಹನ್ನೆರಡು ದಿನ ಕೂತು ಟೈಪ್ ಮಾಡಿದೆ. ಝೆರಾಕ್ಸ್ ಅಂಗಡಿಯಲ್ಲಿ ಹಾಳೆಯ ಮೇಲೆ ತೆಗೆಸಿ ಬೂಬುವಿಗೆ ಕೊಟ್ಟೆ. ನಾನೇ ಓದಿ ಹೇಳಬಹುದಿತ್ತು. ಆದರೆ ನನ್ನ ಬಾಯಿಂದ ಬಂದದ್ದೇ ಅಲ್ಲಿ ಬರೆದಿದೆ ಎಂದು ಅಕ್ಕ ಈಗ ಹೇಗೆ ನಂಬಬೇಕು?

ಬೂಬು ಮೊದಲ ಹಾಳೆ ಓದಿ ಮಷೀನಿನ ಮೇಲೆ ಇಟ್ಟಳು. ಆಮೇಲೆ ಗೋಡೆಯ ಕಡೆ ತಿರುಗಿ ಕೂಗಿದಳು. "ಏ ಅಕ್ಕಾ, ನಿಮ್ಮ ತಮ್ಮ ಏನೊ ಬರದಾನ. ಓದ್ಲೇನ?"

ಆ ಕಡೆ ಕತ್ತರಿಯ ಸದ್ದು ನಿಂತಿತು.

"ನಾಳೆ ಓದಂತಿ ತಗೋ," ಎಂದಳು ಅಕ್ಕ. ಕತ್ತರಿ ಮತ್ತೆ ಶುರುವಾಯಿತು.

ಅದು ಹೋದ ಸೋಮವಾರ. ಹಾಳೆಗಳು ಬೂಬುವಿನ ಹೊಲಿಗೆ ಮಷೀನಿನ ಖಾನೆಯಲ್ಲಿವೆ. ಬೂಬು ದಿನಾ ಕೇಳುತ್ತಾಳೆ. ಅಕ್ಕ ದಿನಾ ನಾಳೆ ಎನ್ನುತ್ತಾಳೆ.